ಸರ್ಪಸುತ್ತಿಗೆ ಲಸಿಕೆ ಕಾರಣವೇ?

ಕೋವಿಡ್ ಲಸಿಕೆ ಹಾಕಿಸಿಕೊಂಡ ಕೆಲವೇ ದಿನಕ್ಕೆ ಸರ್ಪಸುತ್ತು.
ಲಸಿಕೆಯಿಂದಲೇ ಬಂತಾ?

ಅಬ್ಬೆತುಮಕೂರಿನ ರೈತರಿರಲಿ, ಬೆಂಗಳೂರಿನ ನೌಕರರಿರಲಿ,
ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿದ್ದರೆ
ಆ ವೈರಸ್ ಮೈಬಿಟ್ಟು ಹೋಗಿರುವುದಿಲ್ಲ.
ಬೆನ್ನುಹುರಿಯ ಪಕ್ಕ, ನರದ ಬುಡದಲ್ಲಿ,
ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುತ್ತದೆ.
ವಯಸ್ಸಾಗಿಯೋ, ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದರೆ
ಮತ್ತೆ ಹೊತ್ತಿಕೊಳ್ಳುತ್ತದೆ. ಅದೇ ಸರ್ಪಸುತ್ತು.

ಮೊದಲು, ಹೆಚ್ಚಾಗಿ ಸೊಂಟದ ಒಂದೇ ಮಗ್ಗುಲಲ್ಲಿ ಉರಿ.
ಅಂಗಿ ತಾಗಿದರೂ ತಡೆಯಲಾಗದು.
ಆಮೇಲೆ ಸಾಲುಸಾಲು ನೀರುಗುಳ್ಳೆ.

ಕೋವಿಡ್ ಲಸಿಕೆಯಲ್ಲಿ ಈ ವೈರಸ್ ಇಲ್ಲವೇ ಇಲ್ಲ.
ಆದರೂ 2021ರಲ್ಲಿ ಇಸ್ರೇಲಿನ ಅಧ್ಯಯನವೊಂದು,
ಫೈಜರ್ ಲಸಿಕೆ ಪಡೆದವರಲ್ಲಿ,
ಲಕ್ಷಕ್ಕೆ ಸುಮಾರು 16 ಹೆಚ್ಚುವರಿ ಪ್ರಕರಣ ಕಂಡಿತು.
2022ರ ಅಮೆರಿಕದ ಅಧ್ಯಯನದಲ್ಲಿ ಅಂಥ ಏರಿಕೆ ಕಾಣಲಿಲ್ಲ.
ಅಂದರೆ, ನಂಟು ಇರಬಹುದು, ಸಾಬೀತಾಗಿಲ್ಲ.
ಇದ್ದರೂ ತೀರಾ ಅಪರೂಪ.

ಗುಳ್ಳೆಯ ಸಾಲು ಮೈಸುತ್ತಿ, ಹಾವಿನ ತಲೆ-ಬಾಲ ಕೂಡಿದರೆ ಸಾವು ಅನ್ನುವ ಮಾತು ಸುಳ್ಳು.
ಕೆಮ್ಮಣ್ಣು ಬಳಿಯುತ್ತ ದಿನ ಕಳೆಯುವುದೇ ನಿಜವಾದ ಅಪಾಯ.

ಗುಳ್ಳೆ ಎದ್ದ 72 ಗಂಟೆಯೊಳಗೆ ಅಸೈಕ್ಲೋವಿರ್‌ನಂಥ ಮಾತ್ರೆ ಶುರುವಾದರೆ ಹೆಚ್ಚು ಫಲ.
ಕಣ್ಣಿನ ಹತ್ತಿರ ಎದ್ದರಂತೂ ಅದೇ ದಿನ ಆಸ್ಪತ್ರೆಗೆ ಹೋಗಿ.
ಯಾವ ಲಸಿಕೆ, ಯಾವತ್ತು ಹಾಕಿಸಿಕೊಂಡಿರಿ ಅನ್ನುವುದನ್ನೂ
ವೈದ್ಯರಿಗೆ ತಪ್ಪದೆ ಹೇಳಿ.