ಬಾಗಿಲಿಗೆ ಬಂದ ರೋಗಿ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಮನೆವಾರ್ತೆಗೆ ಒಪ್ಪುವ ಈ ಮಾತು ಸಾರ್ವಜನಿಕ ಆರೋಗ್ಯವ್ಯವಸ್ಥೆಗೂ ಒಪ್ಪುತ್ತದೆ. ಬೊಕ್ಕಸದ ಹಣ ಮಿತವಾದುದು. ಮಾಡಬೇಕಾದ ಕೆಲಸಗಳೋ ಅಪರಿಮಿತ. ಹೀಗಿರುವಾಗ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು? ಈ ಪ್ರಶ್ನೆಗೆ ಕ್ಷಯರೋಗದ ಚರಿತ್ರೆಯಲ್ಲಿ, ಅದೂ ನಮ್ಮ ತುಮಕೂರಿನ ಹಳ್ಳಿಗಳಲ್ಲಿ, ದೊರೆತ ಉತ್ತರವೊಂದನ್ನು ಇಲ್ಲಿ ವಿಚಾರ ಮಾಡಬಹುದು.

ಸ್ವಾತಂತ್ರ್ಯ ಬಂದ ಕಾಲದಲ್ಲಿ ಕ್ಷಯದ ಚಿಕಿತ್ಸೆಯೆಂದರೆ ಸ್ಯಾನಿಟೋರಿಯಂ ಎಂದೇ ಭಾವನೆ: ಊರಾಚೆಯ ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ತಿಂಗಳುಗಟ್ಟಲೆ ವಿಶ್ರಾಂತಿ. ರೋಗಿಗಳು ಲಕ್ಷಗಟ್ಟಲೆ ಇದ್ದರು. ಅಷ್ಟು ಹಾಸಿಗೆಗಳನ್ನು ಒದಗಿಸುವುದು ಕನಸಿನ ಮಾತಾಗಿತ್ತು. 1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಆರಂಭವಾಯಿತು. ಸುಮಾರು ಇನ್ನೂರು ಮಂದಿ ಬಡರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಸ್ಯಾನಿಟೋರಿಯಂನಲ್ಲಿರಿಸಿ, ಉಳಿದವರಿಗೆ ಅದೇ ಔಷಧಗಳನ್ನು ಮನೆಯಲ್ಲಿಯೇ ಕೊಟ್ಟರು. ಇಕ್ಕಟ್ಟಾದ ಮನೆಗಳಲ್ಲಿ, ಸಾಲದ ಊಟದಲ್ಲಿ ಇದ್ದವರೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಗುಣ ಹೊಂದಿದರೆಂದು 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯವರಿಗೆ ಸೋಂಕು ತಗಲುವ ಭಯವೂ ಅದರಿಂದ ಹೆಚ್ಚಿರಲಿಲ್ಲ. ಹಾಸಿಗೆಗಳ ಬೇಡಿಕೆ ಪಟ್ಟಿಯ ತಲೆಯಿಂದ ಕೆಳಗಿಳಿಯಿತು.

ಉಳಿದುದು ರೋಗಿಗಳನ್ನು ಪತ್ತೆಹಚ್ಚುವ ಪ್ರಶ್ನೆ. ಹಳ್ಳಿಗರು ಅಜ್ಞಾನಿಗಳು, ಹಣೆಬರಹವೆಂದು ಸುಮ್ಮನಿರುವವರು, ಆದ್ದರಿಂದ ಕ್ಷಕಿರಣದ ವಾಹನಗಳಲ್ಲಿ ಊರೂರಿಗೆ ಹೋಗಿ ಅವರನ್ನು ಹುಡುಕಬೇಕೆಂಬ ವಾದವಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನೇ ಕೇಳಿ ನೋಡಿದರು. 1963ರಲ್ಲಿ ಹೊರಬಂದ ಅವರ ಅಧ್ಯಯನ ಆ ವಾದವನ್ನು ತಲೆಕೆಳಗು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಕಾಯಿಲೆಯ ಲಕ್ಷಣಗಳು ತಿಳಿದಿದ್ದವು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ದೊರೆತದ್ದು ಕೆಮ್ಮಿನ ಔಷಧದ ಒಂದು ಸೀಸೆ! ಅರಿವಿನ ಕೊರತೆ ಇದ್ದದ್ದು ಬಾಗಿಲಿನ ಒಳಗೆ.

ಇದರಿಂದ ಕಾರ್ಯಕ್ರಮದ ಅನುಕ್ರಮ ತಾನಾಗಿಯೇ ಸ್ಪಷ್ಟವಾಗುತ್ತದೆ. ಬಹುದಿನದ ಕೆಮ್ಮಿನಿಂದ ಬಂದವನ ಕಫವನ್ನು ಪರೀಕ್ಷಿಸಲು ಸಾಮಾನ್ಯ ಆರೋಗ್ಯ ಕೇಂದ್ರದಲ್ಲಿ ಒಂದು ಸೂಕ್ಷ್ಮದರ್ಶಕ, ಅದನ್ನು ಬಳಸಬಲ್ಲ ಒಬ್ಬ ಮನುಷ್ಯ. ಎರಡನೆಯದಾಗಿ, ನಡುವೆ ಕಡಿಯದೆ ಬರುವ ಔಷಧ. ಮನೆಮನೆಯ ಹುಡುಕಾಟ ಇವೆರಡೂ ನೆಲೆಗೊಂಡ ಮೇಲಿನ ಮಾತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ತಿರುಳು ಇದೇ ಆಗಿತ್ತು.

ಆದರೆ ತಿರುಳು ಕಾಗದದಲ್ಲಿ ಉಳಿದಷ್ಟು ಊರುಗಳಲ್ಲಿ ಉಳಿಯಲಿಲ್ಲ. 1992ರಲ್ಲಿ ನಡೆದ ಪುನರ್ವಿಮರ್ಶೆಯಲ್ಲಿ ಕಂಡುಬಂದದ್ದು: ಔಷಧದ ಅಭಾವ, ಕಫಪರೀಕ್ಷೆಗಿಂತ ಕ್ಷಕಿರಣದ ಮೇಲೆ ಹೆಚ್ಚಿನ ಅವಲಂಬನೆ, ಚಿಕಿತ್ಸೆಯನ್ನು ಪೂರ್ತಿಗೊಳಿಸಿದವರು ಅರ್ಧಕ್ಕಿಂತಲೂ ಕಡಿಮೆ. ಪರಿಷ್ಕೃತ ಕಾರ್ಯಕ್ರಮ 1997ರಲ್ಲಿ ವ್ಯಾಪಕವಾಗಿ ಜಾರಿಗೆ ಬಂದಿತು. ಇಂದಿಗೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ನಮ್ಮ ದೇಶದವರೇ.

ಕಟ್ಟಡವಾದರೆ ಉದ್ಘಾಟನೆಯುಂಟು, ಗೋಡೆಯಲ್ಲಿ ಹೆಸರಿನ ಫಲಕವುಂಟು. ತಿಂಗಳು ತಪ್ಪದೆ ಬಂದ ಗುಳಿಗೆಗೆ ಅಂತಹ ಗೌರವವಿಲ್ಲ. ಆದುದರಿಂದಲೇ ಅದು ಪಟ್ಟಿಯಲ್ಲಿ ಹಿಂದೆ ಬೀಳುತ್ತದೆ. ಆರೋಗ್ಯವ್ಯವಸ್ಥೆಯನ್ನು ತಿದ್ದಹೊರಟವರು ಯೋಜನೆಯ ಮೊದಲ ಸಾಲನ್ನು ಬರೆಯುವ ಮುನ್ನ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಂದು ಬೆಳಗ್ಗೆ ಕುಳಿತು, ಬಂದವರು ಏನನ್ನು ಕೇಳಿ ಬಂದರು, ಏನನ್ನು ಪಡೆದು ಹೋದರು ಎಂಬುದನ್ನು ನೋಡುವುದು ಒಳ್ಳೆಯದು.