ಮುಂಗಡ ಕೊಟ್ಟವರು ಸಾಲ ಕೊಟ್ಟವರಲ್ಲ

ಲಂಡನ್ನಿನ ಮೇಡ್ ಡಾಟ್ ಕಾಮ್, ಸೋಫಾ, ಮಂಚ, ಮೇಜುಗಳನ್ನು ಮುಖ್ಯವಾಗಿ ಆನ್‌ಲೈನಿನಲ್ಲಿ ಮಾರಿ ಬೆಳೆದ ಕಂಪನಿ. 2021ರ ಜೂನ್‌ನಲ್ಲಿ ಷೇರುಪೇಟೆಗೆ ಬಂದಾಗ ಅದರ ಮೌಲ್ಯ 77.5 ಕೋಟಿ ಪೌಂಡ್. 2022ರ ನವೆಂಬರ್ ಹೊತ್ತಿಗೆ ಅದು ದಿವಾಳಿ ಆಡಳಿತಗಾರರ ಕೈಸೇರಿತ್ತು. ಅದರ ಹೆಸರು, ವೆಬ್ ವಿಳಾಸ ಮತ್ತು ವಿನ್ಯಾಸಗಳ ಹಕ್ಕನ್ನು ನೆಕ್ಸ್ಟ್ ಎಂಬ ಬೃಹತ್ ವ್ಯಾಪಾರ ಸಂಸ್ಥೆ 34 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಗ್ರಾಹಕರಿಗೆ ಕೊಡಬೇಕಿದ್ದ ಸರಕಿನ ಹೊಣೆಯನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಕಂಪನಿಯ ವ್ಯಾಪಾರ ಕ್ರಮವೇ ಹಾಗಿತ್ತು: ಮೊದಲು ಆರ್ಡರ್ ಮತ್ತು ಹಣ, ಆಮೇಲೆ ಏಷ್ಯಾದ ಕಾರ್ಖಾನೆಗಳಲ್ಲಿ ತಯಾರಿ, ಅದಾದ ಮೇಲೆ ಹಡಗಿನ ಪಯಣ. ಆ ವಾರಗಳುದ್ದಕ್ಕೂ ಗ್ರಾಹಕರ ಹಣ ಕಂಪನಿಯ ದಿನದಿನದ ಖರ್ಚಿಗೆ ಒದಗುತ್ತಿತ್ತು. ಕಂಪನಿ ಬಿದ್ದ ದಿನ ಇನ್ನೂ ಕಾರ್ಖಾನೆಯಲ್ಲೇ ಇದ್ದ ಸೋಫಾಕ್ಕೆ ಪೂರ್ತಿ ಹಣ ತೆತ್ತವರಿಗೆ ಸಿಕ್ಕ ಉತ್ತರ ಒಂದೇ: ಸರಕು ಬರುವುದಿಲ್ಲ, ನೀವೂ ಇತರ ಸಾಲದಾತರ ಸಾಲಿನಲ್ಲಿ ನಿಲ್ಲಿ.

ಆ ಸಾಲಿನಲ್ಲಿ ಅವರನ್ನು ನಿಲ್ಲಿಸಿದ್ದೇ ತಪ್ಪು ಎಂಬುದು ನನ್ನ ವಾದ. ಬ್ಯಾಂಕು ಸಾಲ ಕೊಡುವಾಗ ಕಂಪನಿಯ ಲೆಕ್ಕಪತ್ರ ನೋಡುತ್ತದೆ, ಅಡಮಾನ ಕೇಳುತ್ತದೆ, ಅಪಾಯಕ್ಕೆ ತಕ್ಕ ಬಡ್ಡಿ ಹಾಕುತ್ತದೆ. ಫ್ರಿಜ್ಜಿಗೋ ಕೋರ್ಸಿಗೋ ಮುಂಗಡ ಕೊಟ್ಟವರು ಇವ್ಯಾವುದನ್ನೂ ಮಾಡುವುದಿಲ್ಲ, ಮಾಡುವ ಸ್ಥಿತಿಯಲ್ಲೂ ಇರುವುದಿಲ್ಲ. ಆದರೂ ಕಾನೂನಿನ ಕಣ್ಣಿಗೆ ಅವರು ಬಡ್ಡಿಯಿಲ್ಲದೆ, ಅಡಮಾನವಿಲ್ಲದೆ ಸಾಲ ಕೊಟ್ಟವರು. ನಮ್ಮ 2016ರ ದಿವಾಳಿ ಸಂಹಿತೆಯಲ್ಲೂ ಪರಿಸ್ಥಿತಿ ಇದೇ. ಮುಂಗಡ ಕೊಟ್ಟವರಿಗೆ ಅಲ್ಲಿ ಜಾಗವಾದರೂ ಇದೆಯೇ ಎಂಬ ಪ್ರಶ್ನೆ ಬಗೆಹರಿದದ್ದೇ 2022ರ ಫೆಬ್ರುವರಿಯಲ್ಲಿ. ಕನ್ಸಾಲಿಡೇಟೆಡ್ ಕನ್‌ಸ್ಟ್ರಕ್ಷನ್ ಮತ್ತು ಹಿಟ್ರೊ ಎನರ್ಜಿ ನಡುವಿನ ಮೊಕದ್ದಮೆಯಲ್ಲಿ, ಸರಕಿಗಾಗಿ ಮುಂಗಡ ಕೊಟ್ಟವರೂ ‘ಕಾರ್ಯಾಚರಣೆಯ ಸಾಲದಾತರು’ ಎಂದು ಸುಪ್ರೀಂ ಕೋರ್ಟ್ ಹೇಳಿತು. ಜಾಗವೇನೋ ಸಿಕ್ಕಿತು, ಆದರೆ ಎಲ್ಲಿ? ಸಂಹಿತೆಯ 53ನೇ ಸೆಕ್ಷನ್ ಪ್ರಕಾರ ಕಂಪನಿಯ ಆಸ್ತಿ ಮಾರಿ ಬಂದ ಹಣದಲ್ಲಿ ಮೊದಲು ಪ್ರಕ್ರಿಯೆಯ ಖರ್ಚು ಕಳೆಯಬೇಕು. ಬಳಿಕ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಉಳ್ಳ ಸಾಲ, ಉಳಿದ ನೌಕರರ 12 ತಿಂಗಳ ಸಂಬಳ, ಅಡಮಾನವಿಲ್ಲದ ಹಣಕಾಸು ಸಾಲ, ಸರ್ಕಾರದ ಬಾಕಿ. ಇವೆಲ್ಲ ತೀರಿದ ಮೇಲೆ ಉಳಿದರೆ ‘ಇತರ ಬಾಕಿಗಳು’ ಎಂಬ ಮೆಟ್ಟಿಲಿನಲ್ಲಿ ಗ್ರಾಹಕರು. ಅವರ ಕೆಳಗಿರುವುದು ಷೇರುದಾರರು ಮಾತ್ರ. ಆನ್‌ಲೈನ್ ಅಂಗಡಿಗೆ ಮಾರಲು ದೊಡ್ಡ ಜಮೀನಾಗಲಿ ಕಟ್ಟಡವಾಗಲಿ ಇರುವುದು ಅಪರೂಪ. ಗೋದಾಮು ಬಾಡಿಗೆಯದು, ಸರ್ವರ್ ಬಾಡಿಗೆಯದು. ಆ ಕೆಳಗಿನ ಮೆಟ್ಟಿಲಿಗೆ ಹಣ ಇಳಿಯುವುದು ಹೆಚ್ಚಾಗಿ ಕಾಗದದ ಮೇಲಿನ ಮಾತು.

ಸಾಲಿನ ಕೊನೆ ಎಂಬುದಷ್ಟೇ ತೊಂದರೆಯಲ್ಲ. ದಿವಾಳಿ ಅರ್ಜಿ ಅಂಗೀಕಾರವಾದ ಕೂಡಲೇ 14ನೇ ಸೆಕ್ಷನ್ನಿನ ತಡೆ ಜಾರಿಗೆ ಬರುತ್ತದೆ. ಕಂಪನಿಯ ವಿರುದ್ಧ ಹೊಸ ದಾವೆ ಹೂಡುವಂತಿಲ್ಲ, ಹಳೆಯದು ಮುಂದುವರಿಯುವಂತಿಲ್ಲ, ಗೆದ್ದ ತೀರ್ಪನ್ನು ಜಾರಿ ಮಾಡಿಸುವಂತೆಯೂ ಇಲ್ಲ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ವರ್ಷಗಟ್ಟಲೆ ಓಡಾಡಿ ಪಡೆದ ಆದೇಶವೂ ಆಗ ಹಕ್ಕು ಮಂಡನೆಗೆ ಲಗತ್ತಿಸುವ ಒಂದು ದಾಖಲೆಯಾಗಿ ಉಳಿಯುತ್ತದೆ. ಬೆಂಗಳೂರಿನ ಆನ್‌ಲೈನ್ ಶಿಕ್ಷಣ ಕಂಪನಿ ಬೈಜೂಸ್ ಪ್ರಕರಣವನ್ನೇ ನೋಡಿ. ಬಿಸಿಸಿಐಗೆ ಬರಬೇಕಿದ್ದ ಸುಮಾರು 158 ಕೋಟಿ ರೂಪಾಯಿಗಾಗಿ 2024ರ ಜುಲೈ 16ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಅದರ ಮಾತೃಸಂಸ್ಥೆ ಥಿಂಕ್ ಅಂಡ್ ಲರ್ನ್ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭಿಸಿತು. ಆಗಸ್ಟ್‌ನಲ್ಲಿ ಮೇಲ್ಮನವಿ ಮಂಡಳಿ ಅದನ್ನು ನಿಲ್ಲಿಸಿತು, ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಮೇಲ್ಮನವಿ ಮಂಡಳಿಯ ಆದೇಶವನ್ನೇ ರದ್ದುಪಡಿಸಿತು. ಕ್ರಿಕೆಟ್ ಮಂಡಳಿಗೂ ಕಂಪನಿಯ ಅಮೆರಿಕದ ಸಾಲದಾತರಿಗೂ ಹಿರಿಯ ವಕೀಲರಿದ್ದರು. ಮಗುವಿನ ಕೋರ್ಸಿನ ಶುಲ್ಕ ಹಿಂದಿರುಗಬೇಕೆಂದು ಕಾಯುವ ತಾಯ್ತಂದೆಯರಿಗೆ ಈ ಏರಿಳಿತದಲ್ಲಿ ಯಾರಿಗೆ ಪತ್ರ ಬರೆಯಬೇಕೆಂಬುದೇ ಸ್ಪಷ್ಟವಾಗುವುದಿಲ್ಲ.

ಬರೆಯಬೇಕಾದದ್ದು ನ್ಯಾಯಮಂಡಳಿ ನೇಮಿಸಿದ ಮಧ್ಯಂತರ ಪರಿಹಾರ ವೃತ್ತಿಪರರಿಗೆ. ಅವರು ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ದಿವಾಳಿ ಮಂಡಳಿಯ (ಐಬಿಬಿಐ) ಜಾಲತಾಣದಲ್ಲೂ ಅದು ಸಿಗುತ್ತದೆ. ನೇಮಕವಾದ 14 ದಿನಗಳೊಳಗೆ ಹಕ್ಕು ಮಂಡಿಸುವುದು ನಿಯಮ, ತಡವಾದವರಿಗೂ ಪ್ರಕ್ರಿಯೆ ಶುರುವಾದ ದಿನದಿಂದ ಕನಿಷ್ಠ 90 ದಿನಗಳವರೆಗೆ ಅವಕಾಶವಿದೆ. ಮುಂಗಡ ಕೊಟ್ಟವರು ತುಂಬಬೇಕಾದದ್ದು ‘ನಮೂನೆ ಬಿ’. ಜೊತೆಗೆ ಆರ್ಡರ್ ಸಂಖ್ಯೆ, ಬಿಲ್ಲು, ಹಣ ಹೋದದ್ದನ್ನು ತೋರಿಸುವ ಬ್ಯಾಂಕ್ ದಾಖಲೆ ಇರಬೇಕು. ಹೇಗೂ ಸಿಗುವುದಿಲ್ಲ ಎಂದು ಇದನ್ನು ಕೈಬಿಡುವವರು ಒಂದು ವಿಷಯ ತಿಳಿದಿರಬೇಕು. 2021ರ ಏಪ್ರಿಲ್‌ನಲ್ಲಿ ಘನಶ್ಯಾಮ್ ಮಿಶ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವಂತೆ, ಕಂಪನಿಯನ್ನು ಉಳಿಸುವ ಪರಿಹಾರ ಯೋಜನೆಗೆ ಒಪ್ಪಿಗೆ ಸಿಕ್ಕ ಮೇಲೆ ಅದರಲ್ಲಿಲ್ಲದ ಹಳೆಯ ಹಕ್ಕುಗಳೆಲ್ಲ ಅಳಿದುಹೋಗುತ್ತವೆ. ಕಂಪನಿ ಹೊಸ ಮಾಲೀಕರ ಕೈಯಲ್ಲಿ ಮತ್ತೆ ಲಾಭ ಮಾಡಿದರೂ ಆಗ ಹೋಗಿ ಕೇಳುವಂತಿಲ್ಲ.

ದಿವಾಳಿ ಪ್ರಕ್ರಿಯೆಯ ಹೊರಗಿನ ದಾರಿಗಳೇ ಹೆಚ್ಚು ಫಲ ಕೊಡುತ್ತವೆ, ಅವನ್ನು ಮೊದಲು ಹಿಡಿಯಬೇಕು. ವೀಸಾ, ಮಾಸ್ಟರ್‌ಕಾರ್ಡ್‌ಗಳ ನಿಯಮದಲ್ಲಿ ಚಾರ್ಜ್‌ಬ್ಯಾಕ್ ಎಂಬ ವ್ಯವಸ್ಥೆಯಿದೆ. ಸರಕು ಬರಲಿಲ್ಲವೆಂದು ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರಿತ್ತರೆ, ವ್ಯಾಪಾರಿಯ ಪರವಾಗಿ ಹಣ ಪಡೆದ ಬ್ಯಾಂಕಿನಿಂದ ಅದನ್ನು ವಾಪಸು ತರಿಸಲಾಗುತ್ತದೆ. ವ್ಯಾಪಾರಿ ಮುಳುಗಿದ್ದರೆ ನಷ್ಟ ಆ ಬ್ಯಾಂಕಿನದು. ಸರಕು ತಲುಪಬೇಕಿದ್ದ ದಿನದಿಂದ ಸಾಮಾನ್ಯವಾಗಿ 120 ದಿನಗಳ ಗಡುವು. ಅಂಗಡಿಯವರು ‘ಇನ್ನೊಂದು ವಾರ ಕಾಯಿರಿ’ ಎನ್ನುತ್ತಿರುವಾಗಲೂ ಆ ಗಡುವು ಕರಗುತ್ತಲೇ ಇರುತ್ತದೆ. ಇನ್ನೊಂದು ಹಾದಿ 1930ರ ಸರಕು ಮಾರಾಟ ಕಾಯ್ದೆಯದು. ಇಂಥದೇ ವಸ್ತು ಇಂಥವರಿಗೆ ಎಂದು ಬೇರ್ಪಡದ ಸರಕಿನ ಒಡೆತನ ಕೊಳ್ಳುವವರಿಗೆ ದಾಟುವುದಿಲ್ಲ. ಬೇರ್ಪಡಿಸಿ, ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಕೊರಿಯರಿನವರಿಗೆ ಒಪ್ಪಿಸಿದ ಮೇಲೆ ಅದು ಗ್ರಾಹಕರದು. ಹಾಗಾಗಿ ದಾರಿಯಲ್ಲಿರುವ ಪೊಟ್ಟಣವನ್ನು ಹಣದ ಬಾಕಿಯಾಗಿ ಅಲ್ಲ, ಸ್ವಂತ ಆಸ್ತಿಯಾಗಿ ಕೇಳಬಹುದು. ಹಣಕಾಸು ಸಂಸ್ಥೆಯ ಸಾಲದಿಂದ ಶುಲ್ಕ ಕಟ್ಟಿದವರ ಗತಿ ಬೇರೆ. ಅಂಗಡಿ ಮುಚ್ಚಿದ್ದರಿಂದ ಆ ಸಾಲ ತಾನಾಗಿ ರದ್ದಾಗುವುದಿಲ್ಲ, ಕಂತು ನಿಲ್ಲಿಸಿದರೆ ಸಾಲದ ಇತಿಹಾಸಕ್ಕೆ ಪೆಟ್ಟು ಬೀಳುತ್ತದೆ. ಬ್ರಿಟನ್ನಿನಲ್ಲಿ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್, 100 ಪೌಂಡ್ ಮೀರಿ 30,000 ಪೌಂಡ್‌ವರೆಗಿನ ಖರೀದಿಗೆ ಕ್ರೆಡಿಟ್ ಕಾರ್ಡ್ ಕಂಪನಿಯನ್ನೂ ವ್ಯಾಪಾರಿಯಷ್ಟೇ ಹೊಣೆ ಮಾಡುತ್ತದೆ. ಅಂಥ ಕಾಯ್ದೆ ನಮ್ಮಲ್ಲಿಲ್ಲ. ಹೀಗೆ ಹಣ ಮರಳುವುದೋ ಇಲ್ಲವೋ ಎಂಬುದು ಯಾವ ಗುಂಡಿ ಒತ್ತಿ ಪಾವತಿಸಿದರು ಎಂಬುದರ ಮೇಲೆ ನಿಂತಿದೆ. ಕ್ರೆಡಿಟ್ ಕಾರ್ಡ್ ಇರುವವರಿಗೆ ರಕ್ಷಣೆ ಹೆಚ್ಚು, ಬ್ಯಾಂಕ್ ವರ್ಗಾವಣೆಯಲ್ಲಿ ಕೊಟ್ಟವರಿಗೆ ಕಡಿಮೆ. ನ್ಯಾಯಕ್ಕೆ ಇದು ತಕ್ಕ ಅಳತೆಯಲ್ಲ.

ಹಾಗಾದರೆ ಗ್ರಾಹಕರನ್ನು ಸಾಲಿನಲ್ಲಿ ಮೇಲಕ್ಕೆ ಏರಿಸೋಣ ಎನ್ನುವವರಿದ್ದಾರೆ. ಅಮೆರಿಕದ ದಿವಾಳಿ ಕಾನೂನು ಹಾಗೆ ಮಾಡಿದೆ. ಮನೆಬಳಕೆಯ ಸರಕಿಗೆ ಕೊಟ್ಟ ಮುಂಗಡದಲ್ಲಿ ಪ್ರತಿ ವ್ಯಕ್ತಿಗೆ 3,800 ಡಾಲರ್‌ವರೆಗೆ (2025ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಮಿತಿ) ಆದ್ಯತೆ ಇದೆ. ಆದರೆ ಅದೂ ಅಡಮಾನ ಇಟ್ಟುಕೊಂಡ ಸಾಲದಾತರ ನಂತರವೇ. ನಮ್ಮಲ್ಲಿ ಮನೆ ಖರೀದಿದಾರರ ಅನುಭವ ಇನ್ನೂ ಹೆಚ್ಚು ಕಲಿಸುತ್ತದೆ. 2018ರ ತಿದ್ದುಪಡಿ ಅವರನ್ನು ‘ಹಣಕಾಸು ಸಾಲದಾತರು’ ಎಂದು ಗುರುತಿಸಿತು, 2019ರ ಆಗಸ್ಟ್‌ನಲ್ಲಿ ಪಯೊನೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಾಲದಾತರ ಸಮಿತಿಯಲ್ಲಿ ಅವರಿಗೆ ಮತ ಬಂತು, ಅದು ದೊಡ್ಡ ಗೆಲುವೇ. ಆದರೂ 2017ರ ಆಗಸ್ಟ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋದ ಜೇಪಿ ಇನ್ಫ್ರಾಟೆಕ್‌ನ ಪರಿಹಾರ ಯೋಜನೆಗೆ ನ್ಯಾಯಮಂಡಳಿಯ ಒಪ್ಪಿಗೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ. ಖಾಲಿಯಾದ ಪೆಟ್ಟಿಗೆಯ ಮುಂದೆ ಎಷ್ಟನೆಯವರಾಗಿ ನಿಂತರೂ ಕಾಯುವುದು ತಪ್ಪುವುದಿಲ್ಲ. ಹಣ ಪೆಟ್ಟಿಗೆ ಸೇರುವ ಮೊದಲೇ ಅದನ್ನು ಬೇರೆ ಇಡುವುದೊಂದೇ ನಿಜವಾದ ಕಾಪು.

ಹೊಲಿಯಲು ಕೊಟ್ಟ ಬಟ್ಟೆ ದರ್ಜಿಯದಾಗುವುದಿಲ್ಲ, ಅವನಿಗೆ ಸಾಲ ಕೊಟ್ಟವರು ಬಂದು ಅದನ್ನು ಹೊತ್ತೊಯ್ಯುವಂತಿಲ್ಲ. ಮುಂಗಡಕ್ಕೂ ಅದೇ ನೆಲೆ ಸಲ್ಲಬೇಕು. ಇದು ನಮ್ಮ ಕಾನೂನಿಗೆ ಹೊಸ ವಿಚಾರವೇನಲ್ಲ. ಪಾವತಿ ವ್ಯವಸ್ಥೆಗಳ 2007ರ ಕಾಯ್ದೆಗೆ 2015ರಲ್ಲಿ ಸೇರಿದ 23ಎ ಸೆಕ್ಷನ್, ಗ್ರಾಹಕರಿಂದ ಸಂಗ್ರಹಿಸಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಡಲು ರಿಸರ್ವ್ ಬ್ಯಾಂಕ್ ಆದೇಶಿಸಬಹುದು ಎನ್ನುತ್ತದೆ. ಆ ಖಾತೆಯ ಮೇಲೆ ಮೊದಲ ಹಕ್ಕು ಹಣ ಪಡೆಯಬೇಕಾದವರದು, ಅವರಿಗೆ ಪೂರ್ತಿ ಸಲ್ಲುವವರೆಗೆ ಸಮಾಪನಾಧಿಕಾರಿ ಅದನ್ನು ಮುಟ್ಟುವಂತಿಲ್ಲ ಎಂದೂ ಹೇಳುತ್ತದೆ. 2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಪಾವತಿ ಸಂಗ್ರಾಹಕ ಸಂಸ್ಥೆಗಳಿಗೆ ಇಂಥ ಪ್ರತ್ಯೇಕ (ಎಸ್ಕ್ರೊ) ಖಾತೆ ಕಡ್ಡಾಯ ಮಾಡಿತು. ಇಳಕಲ್ಲಿನ ಸೀರೆಯನ್ನೋ ಚನ್ನಪಟ್ಟಣದ ಗೊಂಬೆಯನ್ನೋ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವ ಸಣ್ಣ ವ್ಯಾಪಾರಿಯ ಹಣ ನಡುವೆ ನಿಂತವರ ದಿವಾಳಿಯಲ್ಲಿ ಕೊಚ್ಚಿಹೋಗದಂತೆ ತಡೆಯುವುದು ಈ ಏರ್ಪಾಟೇ. ರೇರಾ ಕಾಯ್ದೆ ಬಿಲ್ಡರುಗಳು ಪಡೆದ ಹಣದ ಶೇ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಬೇಕೆಂದು ವಿಧಿಸಿದೆ. ಬಿಟ್ಟುಹೋಗಿರುವುದು ಅಂಗಡಿಯೇ ಸ್ವತಃ ಪಡೆದ ಮುಂಗಡ. ಅದಕ್ಕಿಂತ ಕಳವಳದ ಸಂಗತಿ, ಅಂಗಡಿಯದೇ ವ್ಯಾಲೆಟ್ ಮತ್ತು ಗಿಫ್ಟ್ ಕಾರ್ಡ್. ತನ್ನ ಸರಕಿಗೆ ಮಾತ್ರ ಬಳಕೆಯಾಗುವ ಇಂಥ ‘ಮುಚ್ಚಿದ ವ್ಯವಸ್ಥೆ’ಗೆ ರಿಸರ್ವ್ ಬ್ಯಾಂಕಿನ ಅನುಮತಿಯೇ ಬೇಕಿಲ್ಲ. ವಾಪಸು ಕೊಟ್ಟ ಸರಕಿನ ಹಣವನ್ನು ಬ್ಯಾಂಕಿಗೆ ಹಾಕದೆ ‘ನಿಮ್ಮ ವ್ಯಾಲೆಟ್‌ಗೆ ಸೇರಿಸಿದ್ದೇವೆ’ ಎಂದು ಅಂಗಡಿ ಹೇಳಿದಾಗ, ಗ್ರಾಹಕರ ಹಣ ಮತ್ತೆ ಕಂಪನಿಯ ತಿಜೋರಿಗೇ ಹೋಗಿರುತ್ತದೆ.

ದುಡಿಯುವ ಬಂಡವಾಳವನ್ನು ಕಟ್ಟಿಹಾಕಿದರೆ ಆನ್‌ಲೈನ್ ವ್ಯಾಪಾರ ಉಸಿರಾಡುವುದು ಹೇಗೆ ಎಂಬುದು ಮೊದಲ ಆಕ್ಷೇಪ. ಇದರ ಉತ್ತರವು ನಮ್ಮ ದೇಶದ ವ್ಯಾಪಾರದ ಇತಿಹಾಸದಲ್ಲೇ ಇದೆ. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಿತು. ಕಾಣದ ಅಂಗಡಿಗೆ ಮುಂಚೆ ಹಣ ಕೊಡಲು ಹಿಂಜರಿಯುತ್ತಿದ್ದ ದೇಶ ಆನ್‌ಲೈನ್ ಖರೀದಿಗೆ ಇಳಿದದ್ದು ಹಾಗೆ. ಆ ವ್ಯಾಪಾರದಲ್ಲಿ ಅಂಗಡಿಗೆ ಮುಂಗಡ ಒಂದು ರೂಪಾಯಿಯೂ ಸಿಗುವುದಿಲ್ಲ. ಸರಕು ಕಟ್ಟುವ, ಕಳಿಸುವ, ಬೇಡವೆಂದರೆ ಹಿಂದೆ ತರುವ ಖರ್ಚೂ ಅದರದೇ. ಆದರೂ ಉದ್ಯಮ ಬೆಳೆಯಿತು. ಸರಕು ತಲುಪುವವರೆಗೆ ಹಣವನ್ನು ಬೇರೆ ಖಾತೆಯಲ್ಲಿಡುವುದು ಇದಕ್ಕಿಂತ ಕಠಿಣವಲ್ಲ, ಹಣ ಖಂಡಿತ ಬರುತ್ತದೆಂಬ ಭರವಸೆಯಾದರೂ ಅಂಗಡಿಗೆ ಇರುತ್ತದೆ. ಆರ್ಡರ್ ಮೇಲೆ ತಯಾರಿಸುವ ಸಣ್ಣ ಕುಶಲಕರ್ಮಿಗೆ ಕಚ್ಚಾವಸ್ತುವಿಗೆ ಹಣ ಬೇಕೇ ಬೇಕು. ಈ ಮಾತನ್ನು ನಾನು ಒಪ್ಪುತ್ತೇನೆ. ಅಂಥವರಿಗೆ ವಹಿವಾಟಿನ ಮಿತಿ ಹಾಕಿ ವಿನಾಯಿತಿ ಕೊಡಬೇಕು. ಹೂಡಿಕೆದಾರರಿಂದ ಕೋಟಿಗಟ್ಟಲೆ ಎತ್ತಬಲ್ಲ ಕಂಪನಿಗೆ ಆ ವಿನಾಯಿತಿ ಬೇಕಿಲ್ಲ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಸಂಬಳ ಬಾಕಿ ಇರುವ ಗೋದಾಮಿನ ಕೆಲಸಗಾರನಿಗಿಂತ ಸೋಫಾ ಕೊಂಡವರು ಮೊದಲಿಗರಾಗಬೇಕೇ? ಆಗಬಾರದು. ಗ್ರಾಹಕರನ್ನು ಸಾಲಿನಲ್ಲಿ ಮೇಲೆ ಏರಿಸುವುದನ್ನು ನಾನು ಒಪ್ಪದಿರುವುದೂ ಇದೇ ಕಾರಣಕ್ಕೆ, ಅದು ಕಾರ್ಮಿಕರ ಪಾಲನ್ನು ನೇರವಾಗಿ ಕಿತ್ತುಕೊಳ್ಳಬಹುದು. ಹಣ ಪ್ರತ್ಯೇಕ ಇಟ್ಟರೂ ಹಂಚುವ ಮೊತ್ತ ಅಷ್ಟರಮಟ್ಟಿಗೆ ಕಿರಿದಾಗುತ್ತದೆ ಎಂಬುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕೊನೆಯ ತಿಂಗಳುಗಳಲ್ಲಿ ಮುಳುಗುವ ಕಂಪನಿ ರಿಯಾಯಿತಿಗಳ ಸುರಿಮಳೆ ಸುರಿಸಿ ಎತ್ತಿದ ಮುಂಗಡ ಹೋಗುವುದು ಹೆಚ್ಚಾಗಿ ಬಡ್ಡಿಗೆ, ಜಾಹೀರಾತಿಗೆ. ಆ ಹಣ ಕೈಗೆ ಸಿಗದಿದ್ದರೆ ಆಡಳಿತ ಮಂಡಳಿ ಸತ್ಯವನ್ನು ಬೇಗ ಎದುರಿಸಬೇಕಾಗುತ್ತದೆ. ಆಗ ಕಾರ್ಮಿಕರಿಗೆ ಉಳಿಯುವ ಆಸ್ತಿ ಹೆಚ್ಚೇ ಇರಬಹುದು.

ಮೊತ್ತ ಚಿಕ್ಕದು, ಜನ ಎಚ್ಚರ ವಹಿಸಿದರೆ ಸಾಕು ಎಂಬ ಮಾತೂ ಇದೆ. 2006ರಲ್ಲಿ ಬ್ರಿಟನ್ನಿನ ಫೇರ್‌ಪ್ಯಾಕ್ ಎಂಬ ಹಬ್ಬದ ಉಳಿತಾಯ ಕಂಪನಿ ಕುಸಿದಾಗ ಕಳೆದುಕೊಂಡವರು ಕ್ರಿಸ್‌ಮಸ್ ಖರ್ಚಿಗೆಂದು ವರ್ಷವಿಡೀ ವಾರವಾರವೂ ಚಿಲ್ಲರೆ ಕೂಡಿಟ್ಟ ಒಂದು ಲಕ್ಷಕ್ಕೂ ಹೆಚ್ಚು ಬಡ ಕುಟುಂಬಗಳವರು. ಹಬ್ಬದ ಚೀಟಿ ಕಟ್ಟುವ ನಮ್ಮ ಊರುಗಳಿಗೆ ಅವರ ಪಾಡನ್ನು ವಿವರಿಸಬೇಕಿಲ್ಲ. ಆರು ವರ್ಷಗಳ ನಂತರ ಅವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅರ್ಧ. ಅವರು ಯಾವ ಎಚ್ಚರ ವಹಿಸಬಹುದಿತ್ತು? ಕಂಪನಿಯ ಖಾತೆ ಬ್ಯಾಂಕಿಗೆ ಕಾಣುತ್ತದೆ, ಲೆಕ್ಕ ಪರಿಶೋಧಕರಿಗೆ ಕಾಣುತ್ತದೆ, ಗ್ರಾಹಕರಿಗೆ ಕಾಣುವುದು ಜಾಹೀರಾತು ಮಾತ್ರ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು ಆಯೋಗ 2016ರ ವರದಿಯಲ್ಲಿ, ದಿವಾಳಿಗೆ ಮುನ್ನಿನ ಆರು ತಿಂಗಳಲ್ಲಿ 250 ಪೌಂಡ್ ಅಥವಾ ಹೆಚ್ಚು ಮುಂಗಡ ಕೊಟ್ಟು, ಚಾರ್ಜ್‌ಬ್ಯಾಕ್ ಸೌಲಭ್ಯವೂ ಇಲ್ಲದವರಿಗೆ ಸೀಮಿತ ಆದ್ಯತೆ ಕೊಡಲು ಶಿಫಾರಸು ಮಾಡಿತ್ತು. ಅಷ್ಟು ಎಚ್ಚರದ ಆ ಸಲಹೆಯೂ ಮೇಡ್ ಡಾಟ್ ಕಾಮ್ ಬಿದ್ದ ಹೊತ್ತಿಗೆ ಕಾನೂನಾಗಿರಲಿಲ್ಲ.

ನಮ್ಮಲ್ಲಿ ಇದಕ್ಕೆ ದಿವಾಳಿ ಸಂಹಿತೆಯನ್ನು ಕಲಕಬೇಕಿಲ್ಲ. ಇನ್ನೊಬ್ಬರಿಗಾಗಿ ನಂಬಿಕೆಯ ಮೇಲೆ ಇಟ್ಟುಕೊಂಡ ಆಸ್ತಿ ಸಮಾಪನದ ಆಸ್ತಿಗೆ ಸೇರದು ಎಂದು ಅದರ 36ನೇ ಸೆಕ್ಷನ್ ಈಗಾಗಲೇ ಹೇಳುತ್ತದೆ. ಮುಂಗಡ ಅಂಥ ಆಸ್ತಿ ಎಂದು ಇನ್ನೊಂದು ಕಾಯ್ದೆ ಘೋಷಿಸಿದರೆ ಸಾಕು. 2019ರ ಗ್ರಾಹಕ ರಕ್ಷಣಾ ಕಾಯ್ದೆಗೆ 23ಎ ಮಾದರಿಯ ಒಂದು ಸೆಕ್ಷನ್ ಸೇರಬೇಕು. ಸರಕು ಅಥವಾ ಸೇವೆ ತಲುಪುವವರೆಗೆ ಮುಂಗಡವೂ, ಬಳಕೆಯಾಗದ ಗಿಫ್ಟ್ ಕಾರ್ಡ್ ಮತ್ತು ವ್ಯಾಲೆಟ್ ಮೊತ್ತವೂ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ವರ್ಷವಿಡೀ ನಡೆಯುವ ಕೋರ್ಸಿನಂಥವಕ್ಕೆ ತಿಂಗಳು ತಿಂಗಳು ಕಲಿಸಿದಷ್ಟೇ ಹಣ ಬಿಡುಗಡೆಯಾಗಬೇಕು. 2020ರ ಇ-ಕಾಮರ್ಸ್ ನಿಯಮಗಳಿಗೆ ತಿದ್ದುಪಡಿ ತಂದು, ವಾಪಸಾತಿಯ ಹಣ ಬಂದ ದಾರಿಯಲ್ಲೇ ಬ್ಯಾಂಕಿಗೆ ಮರಳಬೇಕು, ಗ್ರಾಹಕರು ತಾವಾಗಿ ಕೇಳದೆ ವ್ಯಾಲೆಟ್‌ಗೆ ಹೋಗಕೂಡದು ಎಂಬ ಕಟ್ಟಳೆಯನ್ನು ಸೇರಿಸಬೇಕು. ಈ ತಿದ್ದುಪಡಿಗೆ ಸಂಸತ್ತಿನ ಅಧಿವೇಶನಕ್ಕೂ ಕಾಯಬೇಕಿಲ್ಲ, ನಿಯಮ ರೂಪಿಸುವ ಅಧಿಕಾರ ಕೇಂದ್ರ ಸರ್ಕಾರದ ಬಳಿಯೇ ಇದೆ.