ಕೃತಕ ಲಾನ್ ಹಾಕಿಸ್ತೀರಾ? ಮಳೆಗಾಲಕ್ಕೂ ಮುನ್ನ ತಳ ಗಟ್ಟಿ ಮಾಡಿಸಿ

ದಾಂಡೇಲಿ: ಹೋಮ್‌ಸ್ಟೇ ಅಂಗಳಕ್ಕೋ, ಅಂಗಡಿ ಮುಂದಿನ ಜಾಗಕ್ಕೋ ಕೃತಕ ಹುಲ್ಲು ಹಾಕಿಸುವಾಗ ರೋಲ್ ತಂದು ಮಣ್ಣಿನ ಮೇಲೆ ಬಿಡಿಸಿದರೆ ಆಯ್ತು ಅಂದುಕೊಳ್ಳುವವರಿದ್ದಾರೆ. ಬೇಸಿಗೆಯಲ್ಲಿ ಚೆಂದವೇ ಕಾಣುತ್ತೆ. ಜೂನ್‌ನಲ್ಲಿ ಮಳೆ ಹಿಡಿದರೆ ಅಲ್ಲಲ್ಲಿ ತಗ್ಗು ಬಿದ್ದು ನೀರು ನಿಲ್ಲುತ್ತೆ, ಕೆಸರು ಮೇಲೆ ಬರುತ್ತೆ, ವಾಸನೆ ಶುರುವಾಗುತ್ತೆ. ಆಮೇಲೆ ಹಾಸು ಕಿತ್ತು ತಳ ಸರಿಮಾಡಿಸಬೇಕು. ಅದು ಎರಡನೇ ಖರ್ಚು.

ಮಣ್ಣು ನೋಡಿ

ಜೋಯಿಡಾ ಕಡೆ ಮಳೆ ಜೋರು, ಹಾಗಾಗಿ ನೀರು ಹೊರಹೋಗುವ ದಾರಿಯೇ ಮುಖ್ಯ. ಹಳಿಯಾಳ, ಮುಂಡಗೋಡ ಕಡೆ ನಿಮ್ಮ ಜಾಗದಲ್ಲಿ ಎರೆ ಅಥವಾ ಜಿಗುಟು ಮಣ್ಣಿದ್ದರೆ ಅದು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತೆ. ಅಂಥಲ್ಲಿ ಇನ್ನೆರಡು ಇಂಚು ಹೆಚ್ಚು ಅಗೆಸಿ ಗರಸು ತುಂಬಿಸುವುದು ಒಳ್ಳೆಯದು.

ಕೆಲಸದ ಕ್ರಮ

ಮೊದಲು ಹುಲ್ಲು, ಬೇರು, ಕಲ್ಲು ತೆಗೆದು 4 ಇಂಚು ಅಗೆಯಬೇಕು. ತಳಕ್ಕೆ ದಮ್ಮಸು ಬಡಿದು ಗಟ್ಟಿ ಮಾಡಬೇಕು. ಇಳಿಜಾರು ಕೊಡಬೇಕಾದ್ದು ಈಗಲೇ: 10 ಅಡಿಗೆ ಒಂದೂವರೆಯಿಂದ 2 ಇಂಚು, ಗಟಾರದ ಕಡೆಗೆ. ಮನೆಯ ಗೋಡೆ ಕಡೆಗೂ ಬೇಡ, ಪಕ್ಕದವರ ಅಂಗಳದ ಕಡೆಗೂ ಬೇಡ. ಗೌಂಡಿಯ ಲೆವೆಲ್ ಪೈಪ್‌ನಿಂದಲೇ ಅಳೆಯಬಹುದು.

ಅದರ ಮೇಲೆ ನೀರು ಸೋಸುವ ಜಿಯೋ ಬಟ್ಟೆ ಹಾಸಿದರೆ ಕೆಳಗಿನ ಕೆಸರು ಮೇಲೆ ಬರಲ್ಲ. ಅಗ್ಗ ಅಂತ ತಾಡಪತ್ರಿ ಹಾಕಬೇಡಿ, ನೀರು ಇಳಿಯಲ್ಲ. ನಂತರ 3 ಇಂಚು ಖಡಿ, ಮೇಲೆ 1 ಇಂಚು ಎಂ-ಸ್ಯಾಂಡ್. ಒಂದೊಂದು ಪದರಕ್ಕೂ ಸ್ವಲ್ಪ ನೀರು ಚಿಮುಕಿಸಿ ಬಡಿಯಬೇಕು. ಎಲ್ಲಾ ಸುರಿದು ಕೊನೆಗೆ ಒಮ್ಮೆ ಬಡಿದರೆ ಒಳಗೆ ಸಡಿಲವೇ ಉಳಿಯುತ್ತೆ.

ಅಂಚಿಗೆ ಚಿರೇಕಲ್ಲು ಕಟ್ಟಿಸುವುದಾದರೆ ಇಳಿಜಾರಿನ ಬದಿಯಲ್ಲಿ ತೂತು ಬಿಡಿಸಿ. ಇಲ್ಲದಿದ್ದರೆ ಇಡೀ ಲಾನ್ ನೀರಿನ ತೊಟ್ಟಿ ಆಗುತ್ತೆ.

ಎಷ್ಟು ಸಾಮಾನು?

10 ಅಡಿ ಅಗಲ, 20 ಅಡಿ ಉದ್ದದ ಜಾಗ ಅಂದರೆ 200 ಚದರ ಅಡಿ. ಲೆಕ್ಕಕ್ಕೆ ಖಡಿ 50 ಘನ ಅಡಿ, ಎಂ-ಸ್ಯಾಂಡ್ ಸುಮಾರು 17 ಘನ ಅಡಿ. ಬಡಿದಾಗ ಕುಗ್ಗುವುದರಿಂದ 60 ಮತ್ತು 20 ಹಿಡಿಯಿರಿ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಟ್ರಾಕ್ಟರ್‌ನವರ ಹತ್ತಿರ ಈ ಲೆಕ್ಕದಲ್ಲೇ ಮಾತಾಡಿ.

ಗರಸು ಎಲ್ಲಿಂದ ಬರುತ್ತೆ ಅಂತ ಕೇಳುವುದನ್ನು ಮರೆಯಬೇಡಿ. ನಮ್ಮ ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮತ್ತು ಮೀಸಲು ಅರಣ್ಯ ಇದೆ. ಅರಣ್ಯದಿಂದ ಅನುಮತಿ ಇಲ್ಲದೆ ಮಣ್ಣು, ಕಲ್ಲು ತೆಗೆಯುವುದು ಅಪರಾಧ.

ಈಗಾಗಲೇ ಕಾಂಕ್ರೀಟ್ ಇದ್ದರೆ ಅಗೆಯುವ ಕೆಲಸ ಇಲ್ಲ. ನೀರು ನಿಲ್ಲುವ ತಗ್ಗುಗಳನ್ನು ಸಿಮೆಂಟ್‌ನಿಂದ ಸರಿಮಾಡಿಸಿ, ಹಾಸಿನ ಹಿಂಬದಿ ತೂತುಗಳಿವೆಯಾ ನೋಡಿ ಸಾಕು.

ಕೊನೆಯ ಪರೀಕ್ಷೆ: ಹಾಸು ಬಿಡಿಸುವ ಮುನ್ನ ತಳದ ಮೇಲೆ ಹತ್ತು ಕೊಡ ನೀರು ಸುರಿಯಿರಿ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿ. ಎಲ್ಲೂ ನೀರು ನಿಂತಿಲ್ಲ, ನಡೆದರೆ ಹೆಜ್ಜೆ ಗುರುತು ಆಳವಾಗಿ ಬೀಳಲ್ಲ ಅಂದರೆ ತಳ ಸಿದ್ಧ. ಕೆಲಸದವರಿಗೆ ಪೂರ್ತಿ ದುಡ್ಡು ಕೊಡುವುದು ಈ ಪರೀಕ್ಷೆ ಆದ ಮೇಲೆಯೇ ಇರಲಿ.